ಕಬ್ಬು ತಿಂದ ಹೋರಿಯೂ ಉರುಳಿ ಬಂದ ಡ್ರಮ್ಮೂ

ಹನ್ನೊಂದನೆಯ ಕ್ಲಾಸಿನಲ್ಲಿ ನಾನು ಶಾಲೆಯ ಲೀಡರ್ ಆದದ್ದು ಹೇಗೆ ಎಂಬುದು ನನಗೆ ಸರಿಯಾಗಿ ಗೊತ್ತಿಲ್ಲ. ಆದೆ ಎಂಬುದು ಮಾತ್ರ ನಿಜ. ಹೆಡ್ಮಾಸ್ಟರ ಕೋಣೆಯ ಹೊರಗೆ ತೂಗುಹಾಕಿರುವ ಮರದ ಹಲಗೆಯಲ್ಲಿ ನನ್ನ ಹೆಸರಿದೆ, ಇನಿಶಿಯಲ್ ತಪ್ಪಾಗಿದ್ದರೂ ಇದೆ. ಹೇಗೆ ಆದೆ ಎಂಬುದಕ್ಕೆ ನನ್ನ ಹತ್ತಿರ ಒಂದು ಕಥೆಯುಂಟು. ಅದನ್ನು ಇಷ್ಟು ವರ್ಷ ಮದುವೆ ಊಟದ ಪಂಕ್ತಿಯಲ್ಲಿ, ರೈಲಿನಲ್ಲಿ, ಒಮ್ಮೆ ಕೆಲಸದ ಸಂದರ್ಶನದಲ್ಲೂ ಹೇಳಿದ್ದೇನೆ. ಕೇಳಿದವರೆಲ್ಲ ನಕ್ಕಿದ್ದಾರೆ, ಮೆಚ್ಚಿದ್ದಾರೆ. ಕೆಲಸ ಸಿಗಲಿಲ್ಲ, ಅದು ಬೇರೆ ಮಾತು. ಈಚೆಗೆ ಮಾತ್ರ ಆ ಕಥೆಯ ಮೇಲೆ ನನಗೇ ಅನುಮಾನ ಬಂದಿದೆ. ಅದು ತೀರ ನುಣ್ಣಗಿದೆ. ನಿಜವಾಗಿ ನಡೆದದ್ದಕ್ಕೆ ಎಲ್ಲಾದರೂ ಒಂದು ಕಡೆ ಸಿಬಿರು ಎದ್ದಿರಬೇಕಲ್ಲವೆ?

ಹೀಗೆ ಅನುಮಾನಪಡುವುದನ್ನು ನನಗೆ ಕಲಿಸಿದ್ದು ವಿಶ್ವವಿದ್ಯಾಲಯ. ಮಧುರೈಯಲ್ಲಿ ಇತಿಹಾಸದ ಎಂ.ಎ. ಓದುವಾಗ ಒಬ್ಬ ಮೇಷ್ಟ್ರು ಶಾಸನ ಓದುವ ಕ್ರಮ ಹೇಳಿಕೊಡುತ್ತಿದ್ದರು. ಸಿಂಹಾಸನ ನನಗೆ ಬೇಡವಾಗಿತ್ತು ಎಂದು ಯಾವ ರಾಜನಾದರೂ ಕಲ್ಲಿನಲ್ಲಿ ಕೊರೆಸಿದ್ದರೆ ಆ ಕಲ್ಲನ್ನು ಎರಡು ಸಲ ಓದಿ, ಎನ್ನುತ್ತಿದ್ದರು. ನನಗೆ ಆ ವಿದ್ಯೆ ಬಹಳ ಹಿಡಿಸಿತು. ರಜೆಗೆ ಊರಿಗೆ ಬಂದಾಗಲೆಲ್ಲ ಕಂಡಕಂಡವರ ಮೇಲೆ ಪ್ರಯೋಗಿಸಿದೆ. ಅವ್ವ ಸಾರಿಗೆ ಉಪ್ಪು ಹಾಕಿದ್ದೇನೆ ಎಂದರೆ ಆಧಾರ ಕೇಳಿದೆ. ನಮ್ಮ ಹಿರಿಯರು ಯಾವ ದಿಕ್ಕಿನಿಂದ, ಯಾವ ನದಿ ದಾಟಿ ತಮಿಳುನಾಡಿನ ಈ ಕಂಬಂ ಕಣಿವೆಗೆ ಬಂದರು ಎಂದು ತಾತ ಹೇಳತೊಡಗಿದರೆ, ಯಾವ ಶತಮಾನದಲ್ಲಿ ಎಂದು ಅಡ್ಡಹಾಕಿದೆ. ಮನೆಯವರು ಸಹಿಸಿಕೊಂಡರು. ಆದರೆ ನನ್ನ ಸ್ವಂತ ಕಲ್ಲನ್ನು ನಾನು ಒಂದು ಸಲವೂ ಓದಿರಲಿಲ್ಲ.

ಹೋದ ವರ್ಷ ಮಾರ್ಕಯನ್‌ಕೋಟ್ಟೈ ಹತ್ತಿರದ ನಮ್ಮ ಮನೆಗೆ ಸುಣ್ಣ ಬಳಿಯುವಾಗ ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆ ಇಳಿಯಿತು. ಅದರೊಳಗೆ ನಮ್ಮ ಶಾಲೆಯ ವಾರ್ಷಿಕ ಸಂಚಿಕೆ ಇತ್ತು. ತೊಂಬತ್ತೇಳರದೋ ತೊಂಬತ್ತೆಂಟರದೋ, ಮುಖಪುಟವನ್ನು ಗೆದ್ದಲು ತನಗೆ ಬೇಕಾದಷ್ಟು ಓದಿ ಮುಗಿಸಿತ್ತು. ಒಳಗೆ ಶಾಲಾ ಲೀಡರನ ಲೇಖನ. ತಮಿಳಿನಲ್ಲಿ, ‘ನನ್ನ ಚಿಂತನೆಗಳು’ ಎಂಬ ಅರ್ಥದ ತಲೆಬರಹ. ಜೊತೆಗೆ ಫೋಟೋ: ಎಣ್ಣೆಯಲ್ಲಿ ಮುಳುಗಿದ ತಲೆ, ಕುತ್ತಿಗೆಯವರೆಗೆ ಗುಂಡಿ, ನಾಡಿನ ಭವಿಷ್ಯದ ಬಗ್ಗೆ ಆಗಲೇ ಚಿಂತೆಗೆ ಬಿದ್ದ ಮುಖ. ಹದಿನಾರು ವರ್ಷದ ಆ ಮಹಾಶಯ ಶಾಲೆ, ಸಂಗೀತ, ಸಿನಿಮಾ, ನಾಯಕತ್ವ ಎಂಬ ನಾಲ್ಕು ವಿಷಯಗಳ ಮೇಲೆ ತನ್ನ ಅಭಿಪ್ರಾಯಗಳನ್ನು ಲೋಕಕ್ಕೆ ದಯಪಾಲಿಸಿದ್ದ. ಪೆಟ್ಟಿಗೆಯ ಪಕ್ಕದಲ್ಲೇ ಕೂತು ಓದಿದೆ. ಒಂದು ವಾಕ್ಯವೂ ನಿಜವಿರಲಿಲ್ಲ.

‘ನಮ್ಮ ಶಾಲೆ ಜ್ಞಾನದ ಹೂದೋಟ’ ಎಂದು ಆರಂಭ. ಹೂದೋಟವಲ್ಲ, ಪಕ್ಕದಲ್ಲಿ ದ್ರಾಕ್ಷಿ ತೋಟವಿತ್ತು. ಚಿನ್ನಮನೂರಿನ ಆ ಶಾಲೆಯಲ್ಲಿ ನಾವು ಕಲಿತ ಮುಖ್ಯ ವಿದ್ಯೆ, ಮುಳ್ಳುತಂತಿಯ ಎರಡನೇ ಸಾಲಿಗೂ ಮೂರನೇ ಸಾಲಿಗೂ ನಡುವೆ ಅಂಗಿ ಹರಿಯದ ಹಾಗೆ ನುಸುಳುವುದು. ಪಾಠ ತಮಿಳಿನಲ್ಲಿ, ನುಸುಳುವಾಗಿನ ಪಿಸುಮಾತು ನಮ್ಮ ಮನೆಯ ಕನ್ನಡದಲ್ಲಿ. ಆ ಭಾಷೆ ತೋಟದ ಕಾವಲುಗಾರನಿಗೆ ತಿಳಿಯದು ಎಂದು ನಂಬಿದ್ದೆವು. ಅವನೂ ನಮ್ಮವನೇ ಎಂದು ಗೊತ್ತಾದದ್ದು ಸಿಕ್ಕಿಬಿದ್ದ ಮೇಲೆ. ಈ ಲಿಪಿಯನ್ನು, ಅಂದರೆ ಈಗ ಬರೆಯುತ್ತಿರುವ ಕನ್ನಡವನ್ನು, ನಾನು ಕಲಿತದ್ದು ಇಪ್ಪತ್ತಮೂರರ ಮೇಲೆ, ಪುಸ್ತಕ ನೋಡಿ. ಆದ್ದರಿಂದ ನನ್ನ ಕನ್ನಡ ಕೆಲವರಿಗೆ ಇಸ್ತ್ರಿ ಹಾಕಿದ ಹಾಗೆ ಕಂಡರೆ ಕ್ಷಮಿಸಬೇಕು. ಮನೆಯ ಕನ್ನಡ ಬೇರೆ, ಅದು ಮುಂದೆ ತಾತನ ಬಾಯಲ್ಲಿ ಬರುತ್ತದೆ.

ಎರಡನೆಯದು, ‘ಸಂಗೀತ ಮನಸ್ಸನ್ನು ಶುದ್ಧಗೊಳಿಸುತ್ತದೆ’. ನಮಗೆ ಸಂಗೀತ ಬರುತ್ತಿದ್ದದ್ದು ಬಸ್ಸಿನಲ್ಲಿ. ಕಂಬಂ ಕಡೆಯಿಂದ ತೇನಿಗೆ ಹೋಗುವ ಖಾಸಗಿ ಬಸ್ಸುಗಳಲ್ಲಿ ಒಂದೊಂದಕ್ಕೂ ಒಂದೊಂದು ಬಗೆಯ ಕ್ಯಾಸೆಟ್. ಎಂಟೂಕಾಲರ ಬಸ್ಸಿನಲ್ಲಿ ಪ್ರೇಮ, ಎಂಟೂವರೆಯದರಲ್ಲಿ ವಿರಹ, ಎಂಟೂಮುಕ್ಕಾಲರದ್ದರಲ್ಲಿ ಬರೀ ಕುತ್ತು, ಅಂದರೆ ಬೀದಿ ಕುಣಿತದ ಡ್ರಮ್ಮು. ಪ್ರಾರ್ಥನೆಗೆ ತಡವಾದರೂ ಸರಿ, ನಾವು ಎಂಟೂಮುಕ್ಕಾಲರ ಬಸ್ಸಿಗೇ ಕಾಯುತ್ತಿದ್ದೆವು. ನಾವು ಎಂದರೆ ನಾನು ಮತ್ತು ನನ್ನ ಸೋದರತ್ತೆಯ ಮಗ ಸೆಲ್ವಂ. ನಾನು ಹಾಡು ಕೇಳುತ್ತಿದ್ದೆ. ಅವನು ಅದನ್ನು ಮುಂದಿನ ಸೀಟಿನ ಕಬ್ಬಿಣದ ಮೇಲೆ ಬೆರಳಿನಿಂದ ಬಿಚ್ಚಿ ಮತ್ತೆ ಜೋಡಿಸುತ್ತಿದ್ದ. ಕಂಡಕ್ಟರು ಟಿಕೆಟ್ ಹರಿಯುವುದನ್ನು ನಿಲ್ಲಿಸಿ ಕೇಳಿದ್ದನ್ನು ನಾನು ನೋಡಿದ್ದೇನೆ. ಹಾಗೆಂದು ನನ್ನ ನೆನಪು, ಆಧಾರವಿಲ್ಲ.

ಶಾಲೆಯಲ್ಲಿ ಒಂದು ಬ್ಯಾಂಡ್ ಇತ್ತು. ನಾಲ್ಕು ಸಣ್ಣ ಡ್ರಮ್ಮು, ಆರು ಕೊಳಲು, ಒಂದು ಜೋಡಿ ತಾಳ, ಒಂದು ದೊಡ್ಡ ಡ್ರಮ್ಮು. ದೊಡ್ಡದು ಸೆಲ್ವಂನದು, ಸಣ್ಣವುಗಳಲ್ಲಿ ಒಂದು ನನ್ನದು. ಬ್ಯಾಂಡಿಗೆ ಬರುತ್ತಿದ್ದದ್ದು ಒಂದೇ ರಾಗ. ಮಂತ್ರಿ ಬಂದರೂ ಅದೇ, ಓಟದ ಸ್ಪರ್ಧೆಗೂ ಅದೇ, ವಿಜ್ಞಾನದ ಮೇಷ್ಟ್ರು ತೀರಿಕೊಂಡಾಗ ಅದನ್ನೇ ಸ್ವಲ್ಪ ನಿಧಾನವಾಗಿ. ಸೆಲ್ವಂ ಒಂದು ಹೊಸ ನಡೆ ಕಟ್ಟಿದ್ದ. ಎಂಟೂಮುಕ್ಕಾಲರ ಬಸ್ಸಿನ ಲಯಕ್ಕೆ ನಮ್ಮವರ ಮದುವೆಯಲ್ಲಿ ಬಡಿಯುವ ಉರುಮಿಯ ಗುರುಗುಟ್ಟುವಿಕೆಯನ್ನು ಎಲ್ಲೋ ಸೇರಿಸಿ ಮಾಡಿದ್ದು. ಕೇಳಿದರೆ ಕಾಲು ತಾನಾಗಿ ಎತ್ತುತ್ತಿತ್ತು. ಆದರೆ ಬ್ಯಾಂಡಿನ ರಾಗ ಬದಲಿಸುವ ವಿಷಯ ಹೆಡ್ಮಾಸ್ಟರ ಹತ್ತಿರ ಮಾತಾಡುವ ಹಕ್ಕು ಶಾಲಾ ಲೀಡರನಿಗೆ ಮಾತ್ರ. ಬ್ಯಾಂಡಿನ ಮುಂದೆ ಕೋಲು ಹಿಡಿದು ನಡೆಯುವವನೂ ಅವನೇ. ಆ ವರ್ಷ ದಿಂಡುಕ್ಕಲ್ಲಿನಲ್ಲಿ ಬ್ಯಾಂಡ್ ಸ್ಪರ್ಧೆ ಇತ್ತು. ಹಾಗಾಗಿ ಸೆಲ್ವಂಗೆ ಲೀಡರ್ ಆಗಬೇಕಿತ್ತು. ನನಗೇಕೆ ಆಗಬೇಕಿತ್ತು ಎಂದರೆ, ಆಗಬೇಕಿತ್ತು, ಅಷ್ಟೆ. ಆದರೆ ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ನನಗೆ ಪದವಿ ಬೇಕಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ಅದಕ್ಕೆ ಕಾರಣ ಸಿನಿಮಾ. ಲೇಖನದ ಮೂರನೇ ಭಾಗದಲ್ಲಿ ‘ನನಗೆ ಅತ್ಯಂತ ಪ್ರಿಯವಾದ ಚಿತ್ರ ಮಣ್ಣಿನ ಸವಕಳಿ ತಡೆಯುವ ಕುರಿತ ಸಾಕ್ಷ್ಯಚಿತ್ರ’ ಎಂದಿದೆ. ಇದನ್ನು ಓದಿದಾಗ ಅಟ್ಟದ ಮೇಲಿದ್ದ ಸುಣ್ಣದವನಿಗೆ ಕೇಳುವಷ್ಟು ಜೋರಾಗಿ ನಕ್ಕೆ. ನಿಜವಾಗಿ ನಾನು ನಾಲ್ಕು ಸಲ ನೋಡಿದ್ದು ಬೇರೆಯೇ ಒಂದು ಚಿತ್ರ. ಹೆಸರು ಬೇಡ, ಆ ಕಾಲದ ಹತ್ತು ಚಿತ್ರಗಳಿಗೆ ಒಂದೇ ಕಥೆ. ನಾಯಕ ಬಡವ, ಒಳ್ಳೆಯವ. ಊರಿನ ಯಜಮಾನಿಕೆ ಅವನಿಗೆ ಬೇಡ. ಊರೇ ಅತ್ತು ಕರೆಯುತ್ತದೆ. ಅವನು ಬೇಡ ಎಂದು ಬೆನ್ನು ತಿರುಗಿಸುತ್ತಾನೆ. ಆಗ ಯಜಮಾನಿಕೆಯ ಗುರುತಾದ ಹಿತ್ತಾಳೆ ಚೊಂಬು ಕಟ್ಟೆಯ ಮೇಲಿಂದ ತಾನೇ ಉರುಳಿ ಬಂದು ಅವನ ಪಾದಕ್ಕೆ ತಾಗುತ್ತದೆ. ಗಾಳಿ ಬೀಸುತ್ತದೆ. ಕೂದಲು ಹಾರುತ್ತದೆ. ಥಿಯೇಟರಿನಲ್ಲಿ ಹರಿದ ಕಾಗದದ ಚೂರುಗಳ ಮಳೆ.

ಆ ದೃಶ್ಯ ನಮ್ಮ ಊರಿನಿಂದ ಎರಡು ಮೈಲಿ ದೂರದಲ್ಲೇ ತೆಗೆದದ್ದು. ಹಸಿರು ಗದ್ದೆ, ಹಿಂದೆ ಬೆಟ್ಟ, ನಡುವೆ ಕಾಲುವೆ ಇರುವುದರಿಂದ ಸಿನಿಮಾದವರು ನಮ್ಮ ಕಣಿವೆಗೆ ಬರುತ್ತಲೇ ಇರುತ್ತಾರೆ. ಅತ್ತು ಕರೆಯುವ ಊರಿನ ಜನರಲ್ಲಿ ನಾನೂ ಒಬ್ಬ. ಎಡತುದಿಯಲ್ಲಿ ಒಂದು ಮೊಣಕೈ ಕಾಣುತ್ತದೆ, ಅದು ನಾನು. ಸೆಲ್ವಂ ಅದು ತನ್ನದು ಎನ್ನುತ್ತಾನೆ. ಅದಿರಲಿ, ಆ ದಿನ ಚೊಂಬು ಏಳು ಸಲ ಉರುಳಿದರೂ ಒಂದು ಸಲವೂ ನಾಯಕನ ಕಡೆಗೆ ಹೋಗಲಿಲ್ಲ. ಒಮ್ಮೆ ಕಾಲುವೆಗೆ, ಒಮ್ಮೆ ಖಳನಾಯಕನ ಕಾಲಿಗೆ. ಕೊನೆಗೆ ಒಬ್ಬ ಮನುಷ್ಯ ಚೊಂಬಿನ ಕತ್ತಿಗೆ ನೈಲಾನ್ ದಾರ ಕಟ್ಟಿ, ನಾಯಕನ ಹಿಂದೆ ಬಗ್ಗಿ ಕೂತು ಎಳೆದ. ಗಾಳಿ ಬಂದದ್ದು ಮಂಚದಷ್ಟು ದೊಡ್ಡ ಫ್ಯಾನಿನಿಂದ. ಇಷ್ಟನ್ನು ಕಣ್ಣಾರೆ ಕಂಡವನು ನಾನು. ಕಂಡೂ ನಾಲ್ಕು ಸಲ ಥಿಯೇಟರಿಗೆ ಹೋಗಿ, ಚೊಂಬು ಉರುಳಿದಾಗ ನಾಲ್ಕು ಸಲವೂ ಕಣ್ಣೊರೆಸಿಕೊಂಡೆ. ದಾರವನ್ನು ಕಂಡಿರುವುದಕ್ಕೂ ನಂಬದಿರುವುದಕ್ಕೂ ಏನೂ ಸಂಬಂಧವಿಲ್ಲ ಎಂಬುದು ಎಂ.ಎ.ಯಲ್ಲಿ ಯಾರೂ ಹೇಳಿಕೊಡದ ಪಾಠ.

ಈಗ ನಾಯಕತ್ವ. ಇಲ್ಲಿ ಒಂದು ಹೋರಿಯ ವಿಷಯ ಹೇಳದೆ ಮುಂದೆ ಹೋಗಲಾಗದು.

ಕಂಬಂ ಕಣಿವೆಯ ನಮ್ಮವರಿಗೆ ಒಂದು ದೇವರ ಹಿಂಡು ಇದೆ. ಮನೆಯಲ್ಲಿ ದೇವರಾವು ಎನ್ನುತ್ತೇವೆ. ಆ ದನಗಳನ್ನು ನೊಗಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ. ಹಿಂಡಿಗೆ ಒಂದು ಯಜಮಾನ ಹೋರಿ, ಹೋರಿಯಾದರೂ ನಮ್ಮ ಮಾತಿನಲ್ಲಿ ಅದು ಪಟ್ಟದ ಆವು. ಅದು ಸತ್ತರೆ ಮುಂದಿನದನ್ನು ಮನುಷ್ಯರು ಆರಿಸುವಂತಿಲ್ಲ. ಹಿಂಡನ್ನೆಲ್ಲ ಒಂದು ಕಡೆ ಸೇರಿಸಿ, ಕರ್ಪೂರ ಹಚ್ಚಿ, ಎದುರಿಗೆ ಕಬ್ಬಿನ ಕಟ್ಟು ಇಟ್ಟು ಹಿಂದೆ ಸರಿದು ನಿಲ್ಲುತ್ತಾರೆ. ಯಾವ ಹೋರಿ ತಾನಾಗಿ ಮುಂದೆ ಬಂದು ಮೊದಲು ಕಬ್ಬು ತಿನ್ನುತ್ತದೋ ಅದಕ್ಕೆ ಅರಿಸಿನ ಬಳಿದು ಪಟ್ಟ ಕಟ್ಟುತ್ತಾರೆ. ನನ್ನ ಹನ್ನೆರಡನೇ ವಯಸ್ಸಿನಲ್ಲಿ ತಾತನ ಹೆಗಲ ಪಕ್ಕ ನಿಂತು ಇದನ್ನು ನೋಡಿದ್ದೇನೆ. ಹೋರಿ ಕಂದು ಬಣ್ಣದ್ದು, ಐದು ನಿಮಿಷದಲ್ಲಿ ಬಂತು ಎಂದು ನನ್ನ ನೆನಪು. ತಾತನ ಪ್ರಕಾರ ಬಿಳಿಯದು, ಅರ್ಧ ದಿನ ಹಿಡಿಯಿತು. ಕಬ್ಬು ತಿಂದಿತು ಎಂಬಲ್ಲಿ ಮಾತ್ರ ಇಬ್ಬರಿಗೂ ಒಮ್ಮತ.

ಹನ್ನೊಂದನೆಯ ಕ್ಲಾಸಿನ ಆರಂಭದಲ್ಲಿ ‘ನಾಯಕನ ಗುಣಗಳು’ ಎಂದು ಭಾಷಣ ಸ್ಪರ್ಧೆ ನಡೆಯಿತು. ಎಲ್ಲರೂ ನೆಹರು ಗಾಂಧಿ ಎಂದು ಹೇಳುವಾಗ ನಾನು ಈ ಹೋರಿಯ ಕಥೆ ಹೇಳಿದೆ. ಹೆಡ್ಮಾಸ್ಟರು ಕುರ್ಚಿಯಲ್ಲಿ ಮುಂದಕ್ಕೆ ಸರಿದರು. ಅವರು ಬರದ ಸೀಮೆಯಾದ ಆಂಡಿಪಟ್ಟಿಯ ಕಡೆಯವರು, ಗಣಿತದವರು. ಮಳೆಯನ್ನೂ ಮಕ್ಕಳನ್ನೂ ಒಟ್ಟಿಗೇ ಅನುಮಾನಿಸುವ ಸ್ವಭಾವ. ಹಿಂದಿನ ವರ್ಷ ಲೀಡರ್ ಚುನಾವಣೆ ಎಂದು ಮತ ಹಾಕಿಸಿ ಅವರು ಪಟ್ಟ ಪಾಡು ಊರಿಗೇ ಗೊತ್ತಿತ್ತು: ಗೋಡೆಯ ತುಂಬ ಇದ್ದಿಲಿನ ಬರಹ, ಎರಡು ಕಿಟಕಿ ಪುಡಿ, ಮತದಾರರಿಗಿಂತ ನಲವತ್ತು ಮತ ಹೆಚ್ಚು. ಭಾಷಣ ಮುಗಿದ ಮೇಲೆ ನನ್ನನ್ನು ಕರೆದರು.

‘‘ಏನಪ್ಪಾ, ಚೀಟಿ ಇಲ್ಲ, ಪೆಟ್ಟಿಗೆ ಇಲ್ಲ?’’

‘‘ಇಲ್ಲ ಸಾರ್.’’

‘‘ಜಗಳ?’’

‘‘ದನ ಸಾರ್. ಅಷ್ಟು ಆಡಲ್ಲ.’’

‘‘ಎಂಥಾ ಆಡಳಿತ!’’ ಎಂದರು. ಅವರ ಕಣ್ಣಲ್ಲಿ ಹೊಳಪು ಕಂಡಿತು.

ಮುಂದಿನ ವಾರ ಪ್ರಕಟಣೆ ಬಂತು. ಈ ವರ್ಷ ಮತದಾನವಿಲ್ಲ. ಸೋಮವಾರದ ಪ್ರಾರ್ಥನೆಯ ಹೊತ್ತಿಗೆ ಬ್ಯಾಂಡಿನ ದೊಡ್ಡ ಡ್ರಮ್ಮನ್ನು ವೇದಿಕೆಯ ನಡುವೆ ಇಡಲಾಗುವುದು. ನಾಯಕತ್ವದ ಗುಣ ಯಾರಲ್ಲಿದೆಯೋ ಅವನು ತಾನಾಗಿ ಮುಂದೆ ಬಂದು ಅದನ್ನು ಬಾರಿಸಲಿ. ಮೊದಲು ಬಾರಿಸಿದವನೇ ಲೀಡರ್. ಈ ಸುದ್ದಿಯನ್ನು ಮನೆಯಲ್ಲಿ ಹೇಳಿದಾಗ ತಾತ ಊಟದ ತಟ್ಟೆಯಿಂದ ಕೈ ತೆಗೆದು ನನ್ನ ಕಡೆ ತಿರುಗಿದರು.

‘‘ಏನ್ ಡಾ, ನಿಮ್ ಎಡ್ಮಾಸ್ಟ್ರುಗೆ ಬುದ್ಧಿ ಕೆಟ್ ಓಯ್ತಾ? ಅಲ್ಲಿ ಇಟ್ಟಿದ್ದು ಕಬ್ಬು. ದನಕ್ಕೆ ಅಸಿವು ಆಗ್ತದೆ, ಬತ್ತದೆ, ತಿಂತದೆ. ಪಳ್ಳಿಕೂಡತ್ ಉಡ್ಗಂಗೆ ಡ್ರಮ್ಮು ಇಟ್ರೆ ಏನ್ ಡಾ ತಿಂತಾನೆ, ತೊಗಲಾ?’’

‘‘ಅದು ಸಿಂಬಲ್ ತಾತಾ.’’

‘‘ಅದ್ಯಾವ್ದೋ ಒಂದು. ಉಷಾರು. ಉಪ್ಪಿಲ್ದ ಕಡೆ ನೆಕ್ಕಕ್ಕೆ ಓಗ್ಬುಡ್ಬೇಡ.’’

ಸೋಮವಾರ ಬಂತು. ಆರುನೂರು ಮಕ್ಕಳು ಮೈದಾನದಲ್ಲಿ ಸಾಲು ನಿಂತೆವು. ಸೈನ್ಸ್ ಗ್ರೂಪು ಮೂಡಣ ದಿಕ್ಕಿನ ಬೇವಿನ ಮರದ ಕೆಳಗೆ, ಅಲ್ಲಿ ನಾನು ಮೊದಲನೆಯವನು, ಗಿಡ್ಡನಾದ್ದರಿಂದ. ಕಾಮರ್ಸ್ ಗ್ರೂಪು ಪಡುವಣಕ್ಕೆ, ಕೊಳಾಯಿಯ ಕಡೆ. ಅಲ್ಲಿ ಮೊದಲನೆಯವನು ಸೆಲ್ವಂ. ಅವನು ಉದ್ದ, ಆದರೆ ಡ್ರಿಲ್ ಮೇಷ್ಟ್ರಿಗೆ ಅವನನ್ನು ಕಣ್ಣಿನ ಮುಂದೆಯೇ ಇಟ್ಟುಕೊಳ್ಳಬೇಕಿತ್ತು. ನಡುವೆ ಮೊಣಕಾಲೆತ್ತರದ ಸಿಮೆಂಟಿನ ವೇದಿಕೆ. ಅದರ ಮೇಲೆ ಚಕ್ರದ ಹಾಗೆ ನಿಲ್ಲಿಸಿದ ದೊಡ್ಡ ಡ್ರಮ್ಮು, ಉರುಳದಿರಲೆಂದು ಎರಡು ಬದಿಗೂ ಅರ್ಧರ್ಧ ಇಟ್ಟಿಗೆ. ಹೆಡ್ಮಾಸ್ಟರು ನಾಯಕತ್ವದ ಬಗ್ಗೆ ಹತ್ತು ನಿಮಿಷ ಮಾತಾಡಿ, ‘‘ಬರಬಹುದು’’ ಎಂದು ಹಿಂದೆ ಸರಿದು ನಿಂತರು. ಕರ್ಪೂರ ಒಂದು ಹಚ್ಚಿರಲಿಲ್ಲ, ಅಷ್ಟೆ.

ಯಾರೂ ಬರಲಿಲ್ಲ. ಹೇಗೆ ಬಂದಾರು? ನಮ್ಮ ಕಡೆ ಮದುವೆಮನೆಯಲ್ಲಿ ಊಟಕ್ಕೆ ಏಳಿ ಎಂದರೂ ಮೂರು ಸಲ ಕರೆಸಿಕೊಳ್ಳದೆ ಯಾರೂ ಏಳುವುದಿಲ್ಲ. ತಾನಾಗಿ ಎದ್ದು ನಾನು ನಾಯಕ ಎಂದು ಡ್ರಮ್ಮು ಬಾರಿಸುವವನಿಗೆ ಆಮೇಲೆ ಆರುನೂರು ಜನ ಬದುಕಲು ಬಿಡುತ್ತಾರೆಯೆ? ನಿಮಿಷಗಳು ಕಳೆದವು. ಬಿಸಿಲು ಏರಿತು. ಒಬ್ಬ ಆರನೇ ಕ್ಲಾಸಿನ ಹುಡುಗಿ ತಲೆ ತಿರುಗಿ ಬಿದ್ದಳು, ಅವಳನ್ನು ನೆರಳಿಗೆ ಸಾಗಿಸಿದರು. ಡ್ರಿಲ್ ಮೇಷ್ಟ್ರು ಬೇಸರಕ್ಕೆ ವೇದಿಕೆಯ ಅಂಚಿಗೆ ಬೂಟಿನಿಂದ ತಟ್ಟುತ್ತಿದ್ದರು. ಆ ಅದುರಿಗೋ ಏನೋ, ಡ್ರಮ್ಮಿನ ಒಂದು ಇಟ್ಟಿಗೆ ಜಾರಿತು.

ಇಲ್ಲಿಂದ ಮುಂದೆ ನನ್ನ ಕಥೆ. ಡ್ರಮ್ಮು ಮೆಲ್ಲನೆ ಉರುಳತೊಡಗಿತು. ವೇದಿಕೆ ನಮ್ಮ ಕಡೆಗೆ ಸ್ವಲ್ಪ ವಾಲಿತ್ತಾದ್ದರಿಂದ ಅದು ನೇರವಾಗಿ ನನ್ನತ್ತಲೇ ಬಂತು. ಕೆಳಗೆ ಬಿದ್ದರೆ ತೊಗಲು ಹರಿದೀತಲ್ಲ ಎಂದು, ಶಾಲೆಯ ಆಸ್ತಿಯ ಮೇಲಿನ ಕಾಳಜಿಯಿಂದ, ನಾನು ಒಂದೇ ಒಂದು ಹೆಜ್ಜೆ ಮುಂದಿಟ್ಟು ಎರಡು ಕೈಯಿಂದ ತಡೆದೆ. ಅಂಗೈ ತಾಗಿ ಅದು ‘ಧಮ್’ ಎಂದಿತು. ಗಾಳಿ ಬೀಸಿತು. ನನ್ನ ಕೂದಲು ಹಾರಿತು. ಹೆಡ್ಮಾಸ್ಟರು ಕೈಯೆತ್ತಿ ‘‘ಸಿಕ್ಕಿದ!’’ ಎಂದು ಕೂಗಿದರು. ಬೇಡ ಸಾರ್, ನಾನು ಬಾರಿಸಲಿಲ್ಲ, ಅದೇ ಉರುಳಿ ಬಂತು ಎಂದೆ. ಅದೇ, ಅದೇ ನಾಯಕನ ಲಕ್ಷಣ ಎಂದು ಬೆನ್ನು ತಟ್ಟಿದರು.

ನೋಡಿ, ಎಷ್ಟು ನುಣುಪು! ಇಷ್ಟು ವರ್ಷ ಇದನ್ನು ಹೇಳುವಾಗ ಚೊಂಬಿನ ನೆನಪು ನನಗೆ ಒಮ್ಮೆಯೂ ಬರಲಿಲ್ಲ ಎಂದರೆ ನೀವು ನಂಬುವುದಿಲ್ಲ. ನಾನೂ ನಂಬುವುದಿಲ್ಲ. ಸಂಚಿಕೆಯ ಫೋಟೋ ಕಣ್ಣೆದುರಿಗೆ ಬಂದ ಮೇಲೆ ಮೊದಲು ಕುಸಿದದ್ದು ಕೂದಲು. ಅವ್ವ ಹಚ್ಚುತ್ತಿದ್ದ ಎಣ್ಣೆಯ ಎದುರು ಆ ಸಿನಿಮಾದವರ ಫ್ಯಾನಿಗೂ ನನ್ನ ಒಂದು ಎಳೆಯನ್ನೂ ಅಲ್ಲಾಡಿಸಲು ಆಗುತ್ತಿರಲಿಲ್ಲ.

ಆ ಸಂಜೆ ಮನೆಯಲ್ಲಿ ನಾನು ಮುಖ ಗಂಭೀರ ಮಾಡಿಕೊಂಡು, ನನಗೆ ಬೇಕಿರಲಿಲ್ಲ, ಅದಾಗಿ ಬಂತು, ಏನು ಮಾಡಲಿ ಎಂದೆ. ಅವ್ವ ದೃಷ್ಟಿ ತೆಗೆದಳು. ತಾತ ಮಾತ್ರ ಎಲೆಗೆ ಸುಣ್ಣ ಸವರುತ್ತ ಹೇಳಿದರು:

‘‘ನಮ್ ಪಟ್ಟದ ಆವು ಕಬ್ಬ ತಿಂದ್ಬುಟ್ಟು ನಾಕ್ ವರ್ಸ ಆಯ್ತು ಡಾ. ನಂಗೆ ಅಸಿವೇ ಇಲ್ಲ, ಕಬ್ಬೇ ಬಂದು ಬಾಯಿಗ್ ಬಿತ್ತು ಅಂತ ಒಂದ್ ದಿನಾನೂ ಯೋಳ್ನಿಲ್ಲ.’’

ಎಲ್ಲರೂ ನಕ್ಕರು. ನಾನೂ ನಕ್ಕೆ. ಅರ್ಥವಾಗಿ ನಕ್ಕೆನೋ ಆಗದೆ ನಕ್ಕೆನೋ ಹೇಳಲಾರೆ.

ನನ್ನ ಆಳ್ವಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇಡದ ಪದವಿಯನ್ನು ಹೊತ್ತವನು ಎಂದು ತೋರಿಸಿಕೊಳ್ಳಲು ಬಹಳ ಕಷ್ಟಪಡಬೇಕಾಗುತ್ತದೆ. ಏನನ್ನೂ ಬಯಸಿದಂತೆ ಕಾಣಬಾರದು. ವರ್ಷಕ್ಕೊಮ್ಮೆ ಇಡೀ ಶಾಲೆಯನ್ನು ಬೆಳಗಿನ ಆಟಕ್ಕೆ ಥಿಯೇಟರಿಗೆ ಕರೆದೊಯ್ಯುವ ಪದ್ಧತಿಯಿತ್ತು. ಯಾವ ಚಿತ್ರ ಎಂದು ಲೀಡರನನ್ನು ಕೇಳುತ್ತಿದ್ದರು. ಹೆಡ್ಮಾಸ್ಟರು ಕೇಳಿದಾಗ ಆರುನೂರು ಜೊತೆ ಕಣ್ಣು ನನ್ನ ತುಟಿಯ ಮೇಲಿತ್ತು. ಚೊಂಬಿನ ಚಿತ್ರ ಆಗಲೂ ಓಡುತ್ತಿತ್ತು. ನಾನು, ತಾವು ಯಾವುದನ್ನು ಸೂಚಿಸುತ್ತೀರೋ ಅದು ಸಾರ್, ಎಂದೆ. ಅವರು ಮಣ್ಣಿನ ಸವಕಳಿಯನ್ನು ಸೂಚಿಸಿದರು. ಮುಕ್ಕಾಲು ಗಂಟೆ ಮಣ್ಣು ಕೊಚ್ಚಿಹೋಯಿತು. ಆಮೇಲೆ ಎರಡು ವಾರ ನನ್ನೊಂದಿಗೆ ಯಾರೂ ಮಾತಾಡಲಿಲ್ಲ. ಸೆಲ್ವಂ ಮಾತ್ರ ದಿನಾ ಬಸ್ಸಿನಲ್ಲಿ ಕೈಮುಗಿದು, ‘‘ತಲೈವರೇ, ಮಣ್ಣು ಸೂಪರ್!’’ ಎನ್ನುತ್ತಿದ್ದ.

ಅವನು ಒಂದೇ ಸಲ ನನ್ನ ಹತ್ತಿರ ಏನನ್ನೋ ಕೇಳಿದ. ದಿಂಡುಕ್ಕಲ್ಲಿಗೆ ಹೋಗುವ ಹಿಂದಿನ ವಾರ, ಬ್ಯಾಂಡಿನ ಕೋಣೆಯಲ್ಲಿ.

‘‘ಮಾಪ್ಳೆ, ಎಡ್ಮಾಸ್ಟ್ರ ಅತ್ರ ಒಂದ್ ಮಾತು ಕೇಳು. ನಾ ಕಟ್ಟಿದ್ ಪುದು ನಡೆ ಬಾರಿಸ್ತೀವಿ ಅಂತ. ಎಲ್ಲಾರ್ಗೂ ಕಲ್ಸಿದ್ದೀನಿ. ನೀ ಸುಮ್ಮಾ ಕೋಲ್ ಇಡ್ದು ಮುಂದೆ ನಡಿ, ಸಾಕು.’’

‘‘ನೋಡೋಣ ಮಚ್ಚಾನ್’’ ಎಂದೆ. ಕೇಳಲಿಲ್ಲ. ಕೇಳಿದರೆ ನನಗೆ ಬೇಕು ಎಂದು ಅವರು ತಿಳಿದುಕೊಳ್ಳುತ್ತಿದ್ದರಲ್ಲ. ಸೆಲ್ವಂಗೆ, ಅವರು ಒಪ್ಪಲಿಲ್ಲ ಎಂದು ಹೇಳಿದೆ. ಅವನು ಸರಿ ಎಂದು ಡ್ರಮ್ಮಿನ ಹಗ್ಗ ಬಿಗಿಯತೊಡಗಿದ. ದಿಂಡುಕ್ಕಲ್ಲಿನ ಮೈದಾನದಲ್ಲಿ ನಾವು ಆ ಹಳೆಯ ರಾಗವನ್ನೇ ಬಾರಿಸಿದೆವು. ಎರಡನೇ ಸುತ್ತಿಗೆ ಬೇರೆ ರಾಗ ಎಂದಾಗ ಅದನ್ನೇ ನಿಧಾನವಾಗಿ ಬಾರಿಸಿದೆವು. ತೀರ್ಪುಗಾರರಲ್ಲಿ ಒಬ್ಬರು, ಯಾರಾದರೂ ತೀರಿಕೊಂಡರೇ ಎಂದು ವಿಚಾರಿಸಿದರು. ಭಾಗವಹಿಸಿದವರಿಗೆಲ್ಲ ಒಂದೊಂದು ಪುಟ್ಟ ಬೀಗ ಸಮಾಧಾನದ ಬಹುಮಾನವಾಗಿ ಬಂತು, ಬೀಗಕ್ಕೇ ಹೆಸರಾದ ದಿಂಡುಕ್ಕಲ್ಲಿನಲ್ಲಿ ಬೇರೇನು ಕೊಟ್ಟಾರು. ಹೋದ ವರ್ಷ ಅಟ್ಟದಿಂದ ಇಳಿದ ಪೆಟ್ಟಿಗೆಗೆ ಹಾಕಿದ್ದದ್ದು ನನ್ನ ಪಾಲಿನ ಆ ಬೀಗವೇ. ಕೀಲಿ ಸಿಗದೆ ಸುತ್ತಿಗೆಯಿಂದ ಒಡೆಯಬೇಕಾಯಿತು. ಒಳ್ಳೆಯ ಬೀಗ, ಬಹಳ ಹೊತ್ತು ತಾಳಿತು.

ಸೆಲ್ವಂ ಈಗ ಬತ್ತಲಗುಂಡಿನಲ್ಲಿದ್ದಾನೆ. ಮದುವೆ, ಗೃಹಪ್ರವೇಶ, ಪಕ್ಷದ ಮೆರವಣಿಗೆ ಎಂದು ಹೋಗುವ ಬ್ಯಾಂಡ್ ಸೆಟ್ಟಿನ ಯಜಮಾನ. ಇಪ್ಪತ್ತೆರಡು ಜನ, ಕೆಂಪು ಕೋಟು, ಸ್ವಂತ ವ್ಯಾನು. ಸಂಚಿಕೆ ಸಿಕ್ಕಿದ ಮೇಲೆ ಅವನನ್ನು ನೋಡಲು ಹೋದೆ. ಕೊಡೈಕನಾಲಿನ ಬಸ್ಸುಗಳು ತಿರುಗುವ ಕಡೆಯ ಒಂದು ಟೀ ಅಂಗಡಿಯಲ್ಲಿ ಕೂತೆವು. ಲೇಖನವನ್ನು ಓದಿ ಹೇಳಿದೆ. ಮಣ್ಣಿನ ಸವಕಳಿಗೆ ಅವನು ಟೀ ಚೆಲ್ಲಿಕೊಂಡ. ಆಮೇಲೆ ಆ ಸೋಮವಾರದ ಕಥೆಯನ್ನು, ಸಂಶೋಧಕನ ನಿಷ್ಪಕ್ಷಪಾತದಿಂದ, ನೀನೇ ಹೇಳು ಎಂದೆ.

‘‘ಏನ್ ಐತೆ ಯೋಳಕ್ಕೆ? ಇಟ್ಟಿಗೆ ಜಾರ್ತು. ಡ್ರಮ್ಮು ನನ್ ಕಡೆ ಬಂತು. ನಾ ಬಗ್ಗಿ ಇಡ್ಕೊಳ್ಳಕ್ಕೆ ಕೈ ನೀಟ್ದೆ. ನೀ ಆ ಪಕ್ಕದಿಂದ ಮೇಡೈ ಮೇಲೆ ಆರಿ ಬಂದ್ಯಾ. ಕರು ಬಂದಂಗೆ ಬಂದ್ಯಾ ಮಾಪ್ಳೆ! ಇಂದ್ಗಡೆಯಿಂದ ಒಂದ್ ಬಡಿ ಬಡ್ದ್ಯಾ. ಅಷ್ಟೇ.’’

‘‘ವೇದಿಕೆ ನಮ್ಮ ಕಡೆಗೆ ವಾಲಿತ್ತು ಸೆಲ್ವಂ.’’

‘‘ವಾಲಿತ್ತಾ? ಸರಿ, ವಾಲಿತ್ತು ಬುಡು.’’

‘‘ನೀನು ಆಗ ಯಾಕೆ ಹೇಳಲಿಲ್ಲ?’’

‘‘ಯಾರ ಅತ್ರ? ನಿಂಗೆ ಅಷ್ಟು ಆಸೆ ಇತ್ತು ಅಂತ ನಂಗೆ ತಿಳಿಯಾದಾ? ಮೂಂಜಿ ನೋಡುದ್ರೇ ತಿಳೀತದೆ. ಆದ್ರೆ ಆ ನಡೆ ಒಂದ್ ದಪಾ ಬಾರ್ಸಕ್ಕೆ ಬುಟ್ಟಿದ್ರೆ ಪ್ರೈಜು ನಮ್ದೇ.’’ ನಕ್ಕ. ‘‘ನಾ ಯೋಳಿದ್ದು ನಿಜ ಅಂತ ಆದ್ರೆ ಏನ್ ಮಾಡ್ತ್ಯಾ? ಪೋಸ್ಟ್ ತಿರುಗಾ ಕೊಡ್ತ್ಯಾ?’’

ಹೀಗೆ ಹೇಳಿ ಅವನು ಟೀ ಲೋಟವನ್ನು ಬೋರಲು ಹಾಕಿ, ಚಮಚೆಯಿಂದ ಮೇಜಿನ ಮೇಲೆ ಆ ನಡೆಯನ್ನು ಬಾರಿಸಿದ. ಎಂಟೂಮುಕ್ಕಾಲರ ಬಸ್ಸು, ಉರುಮಿಯ ಗುರುಗುಟ್ಟು, ಎಲ್ಲ ಇತ್ತು. ಈಗ ಅವನ ಸೆಟ್ಟಿನವರು ಗಂಡಿನ ಮೆರವಣಿಗೆ ಹೊರಡುವಾಗ ಅದನ್ನೇ ಬಾರಿಸುತ್ತಾರಂತೆ. ಟೀ ಅಂಗಡಿಯವನ ಕಾಲು ಆಡುತ್ತಿತ್ತು. ಹೆಡ್ಮಾಸ್ಟರನ್ನು ನಾನು ಕೇಳಲೇ ಇಲ್ಲ ಎಂಬುದನ್ನು ಆಗ ಹೇಳಿಬಿಟ್ಟೆ. ಚಮಚೆ ಅರ್ಧ ಕ್ಷಣ ತಪ್ಪಿತು, ಮತ್ತೆ ಲಯಕ್ಕೆ ಬಂತು. ‘‘ನಂಗೆ ತಿಳಿಯುಂ ಮಾಪ್ಳೆ’’ ಎಂದ.

ಒಂದು ಘಟನೆಗೆ ಎರಡು ಸಾಕ್ಷಿ, ಇಬ್ಬರಿಗೂ ಸ್ವಾರ್ಥ. ಇಂಥ ಕಡೆ ಸ್ಥಳಪರೀಕ್ಷೆ ಮಾಡಬೇಕು ಎಂದು ನನ್ನ ಮಧುರೈಯ ಮೇಷ್ಟ್ರು ಹೇಳುತ್ತಿದ್ದರು. ಊರಿಗೆ ಹಿಂದಿರುಗುವ ದಿನ ಶಾಲೆಗೆ ಹೋದೆ. ಭಾನುವಾರ. ಕಾವಲಿನವರು ಗೇಟು ತೆಗೆದು, ಹಳೇ ಲೀಡರ್ ಎಂದು ಹೇಳಿಕೊಂಡಿದ್ದಕ್ಕೆ ವಿಶೇಷವಾಗಿ ಏನೂ ಮಾಡಲಿಲ್ಲ. ಬೇವಿನ ಮರ ಇದೆ. ಕೊಳಾಯಿ ಇದೆ, ನೀರಿಲ್ಲ. ವೇದಿಕೆಗೆ ಹೊಸದಾಗಿ ಬಣ್ಣ ಬಳಿದಿದ್ದಾರೆ, ಸಿಮೆಂಟು ಮಾತ್ರ ಅದೇ, ಮೂಲೆಯಲ್ಲಿ ನಾವು ಕೊರೆದ ಹೆಸರುಗಳು ಬಣ್ಣದ ಕೆಳಗೂ ಓದಲು ಸಿಗುತ್ತವೆ. ಯಾರೂ ನೋಡುತ್ತಿಲ್ಲ ಎಂದು ಖಚಿತಪಡಿಸಿಕೊಂಡು, ಹಿಂದೆ ಡ್ರಮ್ಮು ಇಟ್ಟಿದ್ದ ಜಾಗದಲ್ಲಿ ಬಾಟಲಿಯ ನೀರನ್ನು ಸುರಿದೆ. ನೀರು ಒಂದು ಗಳಿಗೆ ಅಲ್ಲೇ ನಿಂತು ಯೋಚಿಸಿತು.

ಆ ಕಾಲದ ಬಗ್ಗೆ ನಾನು ಹೇಳಿದ ಮಿಕ್ಕದ್ದನ್ನೆಲ್ಲ ನೀವು ಅನುಮಾನದಿಂದಲೇ ಓದಬಹುದು: ಹೋರಿಯ ಬಣ್ಣ, ಸಿನಿಮಾದ ಮೊಣಕೈ, ಕಂಡಕ್ಟರನ ಟಿಕೆಟ್ಟು. ಇದೊಂದನ್ನು ಮಾತ್ರ ಪರೀಕ್ಷಿಸಿ ನೋಡಿದ್ದೇನೆ, ಮೂರು ಸಲ, ಬಾಟಲಿ ಖಾಲಿಯಾಗುವವರೆಗೆ. ನಮ್ಮ ಶಾಲೆಯ ವೇದಿಕೆ ವಾಲಿರುವುದು ಪಡುವಣಕ್ಕೆ, ಕೊಳಾಯಿಯ ಕಡೆಗೆ.